ದಾವಣಗೆರೆಯಲ್ಲಿ ರೂಮು ಯಾವಾಗ ಸಿಗುತ್ತದೆ, ಯಾವಾಗ ಸಿಗುವುದಿಲ್ಲ, ಏಕೆ?

ವೈಶಾಖದಲ್ಲಿ ಒಳ್ಳೆಯ ಮುಹೂರ್ತವೊಂದರ ಹಿಂದಿನ ದಿನ ದಾವಣಗೆರೆಯ ಪಿ.ಬಿ. ರಸ್ತೆಯಲ್ಲೋ ಅಶೋಕ ರಸ್ತೆಯಲ್ಲೋ ನೆಂಟರಿಗೆಂದು ನಾಲ್ಕು ರೂಮು ಕೇಳಿ ನೋಡಿ. 'ರೂಮೆಲ್ಲಾ ಫುಲ್ ಆಗಿದಾವ್ರಿ' ಎಂಬ ಉತ್ತರವೇ ಹೆಚ್ಚು ಕಡೆ ಸಿಗುತ್ತದೆ. ಅದೇ ಲಾಡ್ಜಿಗೆ ಆಷಾಢದ ಭಾನುವಾರ ರಾತ್ರಿ ಹೋದರೆ ಬೇಕಾದ ಮಹಡಿಯಲ್ಲಿ ಬೇಕಾದ ರೂಮು ಆರಿಸಿಕೊಳ್ಳಬಹುದು, ಬಾಡಿಗೆಯಲ್ಲೂ ಸ್ವಲ್ಪ ಚೌಕಾಸಿ ಮಾಡಬಹುದು. ಹಾಗಾದರೆ ಈ ಊರಿಗೆ ಲಾಡ್ಜುಗಳು ಸಾಲದಾಗಿವೆಯೋ, ಹೆಚ್ಚಾಗಿವೆಯೋ? ಎರಡೂ ನಿಜ. ಇದು ಹೇಗೆ ಎಂದು ತಿಳಿದರೆ ರೂಮು ಹುಡುಕುವವರಿಗೆ ದುಡ್ಡು ಉಳಿಯುತ್ತದೆ. ಲಾಡ್ಜ್ ಕಟ್ಟಿಸಬೇಕೆಂದು ಯೋಚಿಸುತ್ತಿರುವವರಿಗೆ ದೊಡ್ಡ ನಷ್ಟ ತಪ್ಪಬಹುದು.

ಮೊದಲು ಅಳತೆಯ ವಿಚಾರ. ಈ ವ್ಯಾಪಾರದಲ್ಲಿ ಸರಕನ್ನು ಎಣಿಸುವುದು 'ರೂಮ್ ನೈಟ್' ಲೆಕ್ಕದಲ್ಲಿ. ಒಂದು ಕೋಣೆ, ಒಂದು ರಾತ್ರಿ ಎಂದರೆ ಒಂದು ರೂಮ್ ನೈಟ್. ನಲವತ್ತು ಕೋಣೆಗಳ ಲಾಡ್ಜಿಗೆ 30 ದಿನದ ತಿಂಗಳಲ್ಲಿ ಮಾರಲು ಇರುವುದು 1,200 ರೂಮ್ ನೈಟ್. ಇದು ಪೂರೈಕೆ. ಅವುಗಳಲ್ಲಿ ಎಷ್ಟನ್ನು ಜನ ನಿಜವಾಗಿ ಕೇಳಿ ಬರುತ್ತಾರೆ ಎಂಬುದು ಬೇಡಿಕೆ. ಮಾರಾಟವಾದ ಪಾಲನ್ನು 'ಆಕ್ಯುಪೆನ್ಸಿ' ಎನ್ನುತ್ತಾರೆ, ಅಂದರೆ ಭರ್ತಿಯ ಪ್ರಮಾಣ. 1,200ರಲ್ಲಿ 660 ಹೋದರೆ ಆಕ್ಯುಪೆನ್ಸಿ ಶೇ 55.

ದಾವಣಗೆರೆಯ ಎಪಿಎಂಸಿಯಲ್ಲಿ ಮೆಕ್ಕೆಜೋಳಕ್ಕೆ ಬೆಲೆ ಇಲ್ಲದಿದ್ದರೆ ಗೋದಾಮಿನಲ್ಲಿಟ್ಟು ಕಾಯಬಹುದು. ರೂಮ್ ನೈಟ್ ಅನ್ನು ಹಾಗೆ ಕೂಡಿಡಲು ಬರುವುದಿಲ್ಲ. ನಿನ್ನೆ ರಾತ್ರಿ ಖಾಲಿ ಉಳಿದ ಕೋಣೆಯ ಹಣ ಮತ್ತೆಂದೂ ಬರುವುದಿಲ್ಲ. ಇತ್ತ ಬೇಡಿಕೆ ಏರಿತೆಂದು ನಾಳೆಗೆ ಹತ್ತು ಕೋಣೆ ಹೆಚ್ಚಿಸುವುದೂ ಆಗದ ಮಾತು. ಹೊಸ ಕಟ್ಟಡಕ್ಕೆ ಎರಡು ಮೂರು ವರ್ಷವಾದರೂ ಬೇಕು. ಬೇಡಿಕೆ ದಿನದಿಂದ ದಿನಕ್ಕೆ ಏರಿಳಿಯುತ್ತದೆ, ಪೂರೈಕೆ ಗೋಡೆಯಂತೆ ನಿಂತಲ್ಲೇ ನಿಂತಿರುತ್ತದೆ. ತೊಡಕಿನ ಮೂಲ ಇದೇ.

ಈಗ, ಇಲ್ಲಿ ತಂಗುವವರು ಯಾರು? ಪ್ರವಾಸಿಗರು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ದಾವಣಗೆರೆಯ ರೂಮುಗಳನ್ನು ತುಂಬಿಸುವವರು ಕೆಲಸಕ್ಕೆ ಬಂದವರು, ಮದುವೆಗೆ ಬಂದವರು, ಆಸ್ಪತ್ರೆಗೆ ಬಂದವರು, ಮಕ್ಕಳನ್ನು ಕಾಲೇಜಿಗೆ ಸೇರಿಸಲು ಬಂದವರು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಶುರುವಾಯಿತು. ಅದಕ್ಕೂ ಮುಂಚೆ, 1951ರಿಂದಲೇ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು ಇತ್ತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲಾ ಕೇಂದ್ರವಾದ ಮೇಲೆ ಕಚೇರಿ, ಕೋರ್ಟು ಕೆಲಸಕ್ಕೆ ಬರುವವರು ಕೂಡಿಕೊಂಡರು. 2009ರಲ್ಲಿ ವಿಶ್ವವಿದ್ಯಾಲಯವೂ ಬಂತು. ಹತ್ತಿ ಗಿರಣಿಗಳ ಕಾಲದಲ್ಲಿ ವ್ಯಾಪಾರಿಗಳಿಗಾಗಿ ಎದ್ದ ವಸತಿಗೃಹಗಳ ಊರು ನಿಧಾನವಾಗಿ ಶಾಲೆ, ಆಸ್ಪತ್ರೆ, ಕಲ್ಯಾಣ ಮಂಟಪಗಳ ಊರಾಯಿತು. ಗಿರಾಕಿಯೂ ಬದಲಾದ.

ಒಬ್ಬೊಬ್ಬ ಗಿರಾಕಿಗೂ ಒಂದೊಂದು ಕಾಲ, ಒಂದೊಂದು ಜೇಬು. ಔಷಧ ಕಂಪನಿಯ ರೆಪ್ರೆಸೆಂಟೇಟಿವ್, ಬೀಜ-ಗೊಬ್ಬರ ಕಂಪನಿಯ ಅಧಿಕಾರಿ ಸೋಮವಾರದಿಂದ ಶುಕ್ರವಾರದ ನಡುವೆ ಬರುತ್ತಾರೆ. ಇವರ ಬಾಡಿಗೆ ಕಂಪನಿಯ ಮಿತಿಯೊಳಗೇ ಇರಬೇಕು, ಜಿಎಸ್‌ಟಿ ಬಿಲ್ ಬೇಕೇ ಬೇಕು. ಮದುವೆಯವರು ಮುಹೂರ್ತ ನೋಡಿ ಬರುತ್ತಾರೆ. ಫಾಲ್ಗುಣದಿಂದ ಜ್ಯೇಷ್ಠದವರೆಗೆ ಒಂದು ಭರಾಟೆ, ಕಾರ್ತಿಕ-ಮಾರ್ಗಶಿರದಲ್ಲಿ ಇನ್ನೊಂದು. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಮಂಟಪಗಳಿಗೂ ಲಾಡ್ಜುಗಳಿಗೂ ಬಿಡುವು. ಕಾಲೇಜು ಪ್ರವೇಶದ ದಿನಗಳಲ್ಲಿ ಹೊರ ರಾಜ್ಯದ ತಂದೆತಾಯಿ ಎರಡು ಮೂರು ದಿನ ಉಳಿಯುತ್ತಾರೆ.

ಆಸ್ಪತ್ರೆಗೆ ಬಂದವರ ಸ್ಥಿತಿ ಬೇರೆ. ಚಿಗಟೇರಿ ಜಿಲ್ಲಾಸ್ಪತ್ರೆಗೋ ಬಾಪೂಜಿ ಆಸ್ಪತ್ರೆಗೋ ರೋಗಿಯನ್ನು ಸೇರಿಸಿದ ಮನೆಯವರಿಗೆ ಎಂಟು ಹತ್ತು ದಿನ ತಂಗುವ ಜಾಗ ಬೇಕು. ದಿನಕ್ಕೆ ಸಾವಿರಾರು ರೂಪಾಯಿ ಕೊಡುವ ಶಕ್ತಿ ಹಳ್ಳಿಯಿಂದ ಬಂದ ಹೆಚ್ಚಿನವರಿಗೆ ಇರುವುದಿಲ್ಲ. ಅವರು ವಾರ್ಡಿನ ಹೊರಗಿನ ಜಗುಲಿಯಲ್ಲಿ ಚಾಪೆ ಹಾಸಿಕೊಳ್ಳುತ್ತಾರೆ. ಹೋಟೆಲ್ ಉದ್ಯಮದ ಲೆಕ್ಕದಲ್ಲಿ ಇವರು ಬೇಡಿಕೆಯೇ ಅಲ್ಲ, ಏಕೆಂದರೆ ರೂಮು ಕೇಳುವುದೇ ಇಲ್ಲ. ನನ್ನ ಮಟ್ಟಿಗೆ ಊರಿನ ದೊಡ್ಡ ಕೊರತೆ ಇದು. ಎ.ಸಿ. ಕೋಣೆಗಳಿಗಿಂತ ಮೊದಲು ಆಸ್ಪತ್ರೆಗಳ ಹತ್ತಿರ ಒಂದು ಹಾಸಿಗೆ, ಒಂದು ಬೀಗವಿರುವ ಪೆಟ್ಟಿಗೆ, ಸ್ವಚ್ಛ ಸ್ನಾನದ ಮನೆ ಇರುವ ಡಾರ್ಮಿಟರಿಗಳು, ಅಂದರೆ ಹಲವರು ಒಟ್ಟಿಗೆ ಮಲಗುವ ದೊಡ್ಡ ಕೋಣೆಗಳು, ಇನ್ನಷ್ಟು ಬೇಕು.

'ದೊಡ್ಡ ಸಮಾವೇಶಗಳಿಗೆ ಲಕ್ಷಾಂತರ ಜನ ಬರುತ್ತಾರಲ್ಲ?' ಎಂದು ನೀವು ಕೇಳಬಹುದು. ನಿಜ. 2022ರ ಆಗಸ್ಟ್ 3ರಂದು ಸಿದ್ದರಾಮಯ್ಯನವರ 75ನೇ ವರ್ಷದ ಅಮೃತ ಮಹೋತ್ಸವ ಇಲ್ಲೇ ನಡೆಯಿತು. 2023ರ ಮಾರ್ಚ್ 25ರಂದು ಪ್ರಧಾನಿ ಭಾಗವಹಿಸಿದ ಬಿಜೆಪಿ ಸಮಾವೇಶವೂ ಇಲ್ಲೇ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬರುತ್ತದೆ. ಆದರೆ ಸಮಾವೇಶದ ಜನ ಬಂದ ಬಸ್ಸಿನಲ್ಲೇ ವಾಪಸು ಹೋಗುತ್ತಾರೆ. ಜಾತ್ರೆಗೆ ಬಂದವರು ನೆಂಟರ ಮನೆಯಲ್ಲಿ ಉಳಿಯುತ್ತಾರೆ. ಅಂಥ ಒಂದೆರಡು ದಿನದ ನೂಕುನುಗ್ಗಲನ್ನು ನಂಬಿ ಕಟ್ಟಿದ ಲಾಡ್ಜು ವರ್ಷದ ಉಳಿದ ದಿನ ಸಾಲದ ಕಂತಿಗೆ ಬಾಯಿ ಬಿಡುತ್ತದೆ.

ಇನ್ನೊಂದು ಸಂಗತಿ ಹಲವರ ಗಮನಕ್ಕೆ ಬಂದಿಲ್ಲ. ದಾರಿ ಸುಧಾರಿಸಿದಷ್ಟೂ ರಾತ್ರಿ ತಂಗುವವರು ಕಡಿಮೆಯಾಗುತ್ತಾರೆ. 2023ರ ಜೂನ್‌ನಲ್ಲಿ ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು ಶುರುವಾಯಿತು, ಅದು ದಾವಣಗೆರೆಯಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಬೆಂಗಳೂರು ಬಿಟ್ಟವರು ಇಲ್ಲಿ ಕೆಲಸ ಮುಗಿಸಿ ಅದೇ ದಿನ ಹಿಂದಿರುಗಬಹುದು. ರಾಷ್ಟ್ರೀಯ ಹೆದ್ದಾರಿ 48 ಅಗಲವಾಗಿದೆ. ಹುಬ್ಬಳ್ಳಿಗೆ ಹೊರಟ ಕಾರಿನವರು ಬೆಣ್ಣೆ ದೋಸೆಗೆಂದು ಊರೊಳಗೆ ಬಂದು, ತಿಂದು, ಗಂಟೆಯೊಳಗೆ ಮತ್ತೆ ಹೆದ್ದಾರಿ ಹಿಡಿಯುತ್ತಾರೆ. ಪ್ರವಾಸಿಗರ ಎಣಿಕೆಯಲ್ಲಿ ಅವರೂ ಸೇರಬಹುದು. ಲಾಡ್ಜಿನ ರಿಜಿಸ್ಟರಿನಲ್ಲಿ ಅವರ ಹೆಸರು ಇರುವುದಿಲ್ಲ.

ಹರಿಹರದ್ದೂ ಇದೇ ಕಥೆ, ಇನ್ನೂ ಗಾಢವಾಗಿ. ದಾವಣಗೆರೆಯಿಂದ ಸುಮಾರು 14 ಕಿ.ಮೀ. ದೂರ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಅಲ್ಲಿದೆ. ಅರ್ಧ ಹರಿ, ಅರ್ಧ ಹರನಾದ ಮೂರ್ತಿಯನ್ನು ನೋಡಲು ದೂರದಿಂದ ಜನ ಬರುತ್ತಾರೆ. ಸೆಪ್ಟೆಂಬರ್ 8ಕ್ಕೆ ಆರೋಗ್ಯ ಮಾತೆಯ ಹಬ್ಬ, ಫೆಬ್ರುವರಿಯಲ್ಲಿ ರಾಜನಹಳ್ಳಿಯ ವಾಲ್ಮೀಕಿ ಜಾತ್ರೆ. ಪಕ್ಕದಲ್ಲೇ ತುಂಗಭದ್ರೆ. ಇಷ್ಟಿದ್ದರೂ ದೇವಸ್ಥಾನ ನೋಡಲು ಒಂದೆರಡು ಗಂಟೆ ಸಾಕು, ಆಮೇಲೆ ಜನ ದಾವಣಗೆರೆಗೋ ಹಂಪಿಗೋ ಶಿವಮೊಗ್ಗಕ್ಕೋ ಹೊರಟುಬಿಡುತ್ತಾರೆ. ಹಿಂದೆ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನಡೆಯುತ್ತಿದ್ದಾಗ ಕಂಪನಿ ಕೆಲಸಕ್ಕೆ ಬರುವವರಾದರೂ ತಂಗುತ್ತಿದ್ದರು. ಅದು ಮುಚ್ಚಿದ ಮೇಲೆ ಆ ಗಿರಾಕಿಯೂ ಹೋದ.

ಪ್ರವಾಸಿ ರಾತ್ರಿ ಉಳಿಯಬೇಕಾದರೆ ಸಂಜೆ ನೋಡಲು ಏನಾದರೂ ಇರಬೇಕು. ಮೈಸೂರಿನಲ್ಲಿ ಭಾನುವಾರ ಸಂಜೆ ಅರಮನೆಯ ದೀಪಾಲಂಕಾರ ನೋಡಲು ನಿಂತ ಕುಟುಂಬ ಆ ಹೊತ್ತಿನಲ್ಲಿ ಊರು ಬಿಡುವುದಕ್ಕಿಂತ ರೂಮು ಹಿಡಿಯುವುದೇ ಹೆಚ್ಚು. ಕಾಶಿಯ ಗಂಗಾರತಿಯೂ ಹಾಗೇ. ಹರಿಹರದಲ್ಲಿ ತುಂಗಭದ್ರಾ ಆರತಿಗಾಗಿ ನದಿ ದಡದ ಮಂಟಪಗಳಿಗೆ 2022ರಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಶಂಕುಸ್ಥಾಪನೆ ಮಾಡಿದರು. ಅದನ್ನು ಭಕ್ತಿಯ ವಿಚಾರವಾಗಿ ಮಾತ್ರ ನೋಡಬಾರದು. ನಿಗದಿತ ಹೊತ್ತಿಗೆ, ತಪ್ಪದೆ, ಸ್ವಚ್ಛ ದಡದಲ್ಲಿ ನಡೆಯುವ ಸಂಜೆಯ ಆರತಿಯೊಂದು ಹತ್ತು ಜಾಹೀರಾತು ಫಲಕ ಮಾಡಲಾಗದ ಕೆಲಸ ಮಾಡುತ್ತದೆ. ಬೆಳಿಗ್ಗೆ ಎದ್ದವರಿಗೆ ಕೊಂಡಜ್ಜಿ ಕೆರೆ, ಸಂತೇಬೆನ್ನೂರಿನ ಪುಷ್ಕರಣಿ, ಸೂಳೆಕೆರೆ ಎನ್ನುವ ಶಾಂತಿಸಾಗರ ಇವೆ. ಎರಡನೇ ದಿನಕ್ಕೆ ಬೇಕಾದದ್ದು ನಮ್ಮಲ್ಲಿದೆ. ಮೊದಲನೇ ದಿನದ ಸಂಜೆಗೆ ಏನೂ ಇಲ್ಲ.

ಖರ್ಚು, ಬಾಡಿಗೆಯ ವಿಚಾರಕ್ಕೆ ಬರೋಣ. ಖಾಲಿ ಇದ್ದಾಗ ಬಾಡಿಗೆ ಇಳಿಸಿದರೆ ಆಗದೇ ಎಂಬ ಪ್ರಶ್ನೆ ಸಹಜ. ಮೇಲಿನ ನಲವತ್ತು ಕೋಣೆಯ ಉದಾಹರಣೆಯನ್ನೇ ಮುಂದುವರಿಸುತ್ತೇನೆ. ಸರಾಸರಿ ಬಾಡಿಗೆ 1,500 ರೂಪಾಯಿ, ಹೋದದ್ದು 660 ರೂಮ್ ನೈಟ್. ತಿಂಗಳ ಆದಾಯ 9,90,000 ರೂಪಾಯಿ. ಇದನ್ನು ಇರುವ 1,200ರಿಂದ ಭಾಗಿಸಿದರೆ 825 ರೂಪಾಯಿ. ಇದಕ್ಕೆ 'ರೆವ್‌ಪಾರ್' ಎನ್ನುತ್ತಾರೆ: ತುಂಬಿದ್ದೂ ಖಾಲಿ ಇದ್ದದ್ದೂ ಸೇರಿ ಪ್ರತಿ ಕೋಣೆ ದಿನಕ್ಕೆ ದುಡಿದ ಹಣ. ಈಗ ಬಾಡಿಗೆಯನ್ನು 1,200ಕ್ಕೆ ಇಳಿಸಿ, 780 ರೂಮ್ ನೈಟ್ ಮಾರಿದರು ಎನ್ನಿ. ಭರ್ತಿ ಶೇ 65ಕ್ಕೆ ಏರಿತು. ಆದಾಯ ಮಾತ್ರ 9,36,000ಕ್ಕೆ ಇಳಿಯಿತು, ರೆವ್‌ಪಾರ್ 780. ಜೊತೆಗೆ ಹೆಚ್ಚು ಕೋಣೆಗಳ ಬೆಡ್‌ಶೀಟ್ ಒಗೆತ, ನೀರು, ಕರೆಂಟು. ಹಾಗಾಗಿ ಮಾಲೀಕರು ಎಲ್ಲ ದಿನಕ್ಕೂ ದರ ಇಳಿಸುವುದಿಲ್ಲ, ಮುಹೂರ್ತದ ದಿನ ಏರಿಸಿ, ಖಾಲಿ ದಿನ ಕೇಳಿದವರಿಗೆ ಇಳಿಸುತ್ತಾರೆ. ಕೇಳದವರಿಗೆ ಇಳಿಸುವುದಿಲ್ಲ. ಆದ್ದರಿಂದ ಕೇಳಿ.

ತೆರಿಗೆ ಸುಲಭವಾಗಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5, ಮೊದಲು ಶೇ 12 ಇತ್ತು. ಅದಕ್ಕಿಂತ ಹೆಚ್ಚಿನ ಬಾಡಿಗೆಗೆ ಶೇ 18. ನಮ್ಮಂಥ ಊರಿನ ಬಹುಪಾಲು ಕೋಣೆಗಳು ಶೇ 5ರೊಳಗೇ ಬರುತ್ತವೆ. 1,500 ರೂಪಾಯಿ ಕೋಣೆಗೆ ನೀವು ಕೊಡಬೇಕಾದದ್ದು 1,575, ಮುಂಚೆ 1,680 ಆಗುತ್ತಿತ್ತು. ಮಾಲೀಕರಿಗೆ ಒಂದು ಕಷ್ಟವಿದೆ: ಈ ಶೇ 5ರಲ್ಲಿ 'ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್' ಇಲ್ಲ. ಎ.ಸಿ., ಹಾಸಿಗೆ, ಸಾಬೂನು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯಲು ಬರುವುದಿಲ್ಲ, ಅದು ಖರ್ಚಿಗೇ ಸೇರುತ್ತದೆ.

ಲಾಡ್ಜ್ ಕಟ್ಟಿಸುವ ಆಲೋಚನೆ ಇದ್ದರೆ ಉದ್ಯಮದವರು ಬಳಸುವ ಹಳೆಯ ಅಂದಾಜೊಂದಿದೆ. ಒಂದು ಕೋಣೆಗೆ ತಗಲುವ ಒಟ್ಟು ವೆಚ್ಚದ ಸಾವಿರದಲ್ಲೊಂದು ಪಾಲು ಸರಾಸರಿ ದಿನಬಾಡಿಗೆಯಾಗಿ ಬರಬೇಕು. ಅದೂ ವರ್ಷವಿಡೀ ಶೇ 70ರಷ್ಟು ತುಂಬುತ್ತದೆ ಎಂದುಕೊಂಡು. ಕೋಣೆಗೆ 15 ಲಕ್ಷ ಸುರಿದರೆ 1,500 ರೂಪಾಯಿ, 30 ಲಕ್ಷ ಸುರಿದರೆ 3,000. ಮುಹೂರ್ತದ ರಾತ್ರಿ 3,000 ಕೊಡುವವರು ಸಿಗುತ್ತಾರೆ. ಆಷಾಢದ ಮಂಗಳವಾರ ಯಾರು ಕೊಡುತ್ತಾರೆ? ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಅಡಿಪಾಯ ತೋಡಬೇಡಿ. ಪರಿಚಯದ ಲಾಡ್ಜಿನವರ ಬಳಿ ಒಂದು ಪೂರ್ತಿ ವರ್ಷದ ಲೆಕ್ಕ ಕೇಳಿ ನೋಡಿ, ಏಪ್ರಿಲ್-ಮೇ ತಿಂಗಳದ್ದು ಮಾತ್ರ ಸಾಲದು.

ಮುಂದುವರಿಯುವುದಾದರೆ ಮಹಾನಗರ ಪಾಲಿಕೆಯಲ್ಲೋ ನಗರಸಭೆಯಲ್ಲೋ ಕಟ್ಟಡ ಪರವಾನಗಿ, ಟ್ರೇಡ್ ಲೈಸೆನ್ಸ್ ವಿಚಾರಿಸಿ. ಅಡುಗೆಮನೆ ಇದ್ದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಸಾಲಕ್ಕೆ ಬ್ಯಾಂಕುಗಳ ಜೊತೆಗೆ ಕೆಎಸ್‌ಎಫ್‌ಸಿ, ಅಂದರೆ ರಾಜ್ಯ ಹಣಕಾಸು ಸಂಸ್ಥೆಯೂ ಇದೆ. 2024–29ರ ರಾಜ್ಯ ಪ್ರವಾಸೋದ್ಯಮ ನೀತಿಯಲ್ಲಿ ಸಹಾಯಧನದ ಅವಕಾಶಗಳಿವೆ. ನಿಮ್ಮ ಯೋಜನೆಗೆ ಅನ್ವಯಿಸುತ್ತದೆಯೇ ಎಂದು ಜಿಲ್ಲಾ ಪ್ರವಾಸೋದ್ಯಮ ಇಲಾಖೆಯ ಕಚೇರಿಯಲ್ಲಿ ಕೆಲಸ ಶುರುವಾಗುವ ಮೊದಲೇ ಕೇಳಿ. ದೊಡ್ಡ ಬಂಡವಾಳ ಇಲ್ಲದವರು ನದಿಗೋ ಕೆರೆಗೋ ಹತ್ತಿರದ ಸ್ವಂತ ಮನೆಯಲ್ಲಿ ಒಂದೆರಡು ಕೋಣೆಯ ಹೋಂಸ್ಟೇ ನೋಂದಾಯಿಸುವುದು ಹೆಚ್ಚು ಸುರಕ್ಷಿತ.

ಇನ್ನು ರೂಮು ಬೇಕಾದವರಿಗೆ. ದಿನಾಂಕ ಗೊತ್ತಾದ ಕೂಡಲೇ ಪಂಚಾಂಗ ತೆರೆದು ಅಂದು ಮುಹೂರ್ತ ಇದೆಯೇ ನೋಡಿ. ಇದ್ದರೆ ಮಂಟಪ ಹಿಡಿದ ದಿನವೇ ರೂಮನ್ನೂ ಹಿಡಿಯಿರಿ. ಹಲವು ಮಂಟಪಗಳಲ್ಲೇ ಕೋಣೆಗಳಿರುತ್ತವೆ, ಅವು ಬಾಡಿಗೆಯಲ್ಲಿ ಸೇರಿವೆಯೇ ಕೇಳಿ. ದರ ಹೇಳಿದಾಗ ಜಿಎಸ್‌ಟಿ ಸೇರಿಯೋ ಬಿಟ್ಟೋ, ಹೆಚ್ಚುವರಿ ಹಾಸಿಗೆಗೆ ಎಷ್ಟು, ಚೆಕ್‌ಔಟ್ 24 ಗಂಟೆಯದೋ ಮಧ್ಯಾಹ್ನ 12ರದ್ದೋ ಎಂದು ಕೇಳಿಕೊಳ್ಳಿ. ರಾತ್ರಿ ರೈಲಿನಲ್ಲಿ ಬರುವವರಿಗೆ ಈ ಕೊನೆಯದು ಒಂದು ದಿನದ ಬಾಡಿಗೆಯ ವ್ಯತ್ಯಾಸ. ಅಡ್ವಾನ್ಸಿಗೆ ರಸೀದಿ ಪಡೆಯಿರಿ. ಬರುವ ಪ್ರತಿಯೊಬ್ಬರೂ ಗುರುತಿನ ಚೀಟಿ ತರಲಿ.

ದಾವಣಗೆರೆಯಲ್ಲಿ ಎಲ್ಲೂ ಇಲ್ಲ ಎಂದಾಗ ಹರಿಹರಕ್ಕೊಂದು ಫೋನು ಮಾಡಿ, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ನೆಂಟರಿಗೆ ಬೆಳಿಗ್ಗೆ ಹರಿಹರೇಶ್ವರನ ದರ್ಶನವೂ ಆಗುತ್ತದೆ, ಹರಿಹರದ ಲಾಡ್ಜಿನವರಿಗೆ ಒಂದು ರಾತ್ರಿಯ ವ್ಯಾಪಾರವೂ ಆಗುತ್ತದೆ.