ಒಂದೆಕರೆ ಬೇಲಿಗೆ 200 ತಂಗಡಿ ಕಾಯಿ

ಒಂದೆಕರೆ ಅಂದರೆ 4,047 ಚದರ ಮೀಟರ್. ಹೊಲ ಚೌಕವಾಗಿದ್ದರೆ ಸುತ್ತಳತೆ ಸುಮಾರು 254 ಮೀಟರ್. ಅದಕ್ಕೆ 4 ಸಾಲು ಮುಳ್ಳುತಂತಿ ಎಳೆಯಲು 1,016 ಮೀಟರ್ ತಂತಿ ಬೇಕು. 3 ಮೀಟರಿಗೊಂದರಂತೆ 85 ಕಲ್ಲುಕಂಬವೂ ಬೇಕು. ಒಣಬೇಸಾಯದ ರೈತನಿಗೆ ಇದು ಸಾಲದ ಬಾಬತ್ತು.

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಮಸಾರಿ ನೆಲದಲ್ಲಿ ಇದಕ್ಕೊಂದು ಅಗ್ಗದ ದಾರಿಯಿದೆ. ಅದೇ ತಂಗಡಿ, ಆವರಿಕೆ ಎಂದೂ ಕರೆಯುವ ಹಳದಿ ಹೂವಿನ ಗಿಡ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಈ ಸೀಮೆಯಲ್ಲಿ ಅದು ನೀರು ಹಾಕಿಸಿಕೊಳ್ಳದೆ ಬದುಕುತ್ತದೆ.

ಬೀಜದ ಲೆಕ್ಕ

ಒಣಗಿದ ಕಾಯಿ ಕೈಗೆ ತೆಗೆದುಕೊಳ್ಳಿ. ಕಂದು ಬಣ್ಣ, ಚಪ್ಪಟೆ, ಕಾಗದದಷ್ಟು ತೆಳು ಸಿಪ್ಪೆ. ಸೀಳಿದರೆ ಒಂದೊಂದು ಬೀಜಕ್ಕೂ ಒಂದೊಂದು ಗೂಡು. ಕಾಯಿಗೆ 12ರಿಂದ 20 ಬೀಜ. 30 ಸೆಂ.ಮೀ.ಗೊಂದು ಗುಣಿಯಂತೆ 254 ಮೀಟರಿಗೆ ಸುಮಾರು 850 ಗುಣಿ. ಗುಣಿಗೆ 3 ಬೀಜ ಹಾಕಿದರೆ 2,550 ಬೀಜ. ಕಾಯಿಗೆ 15 ಬೀಜ ಅಂತ ಹಿಡಿದರೆ 170 ಕಾಯಿ. ಹುಳ ತಿಂದದ್ದು, ಜೊಳ್ಳು ಕಳೆಯಲು 200 ಇರಲಿ. ಬೀಜದ ಸಿಪ್ಪೆ ಗಟ್ಟಿ. ಬಿಸಿ ನೀರಲ್ಲಿ ರಾತ್ರಿಯಿಡೀ ನೆನೆಸಿ, ಮುಂಗಾರು ಹದಕ್ಕೆ ಊರಬೇಕು.

ಕೂಲಿಯ ಲೆಕ್ಕ

ಕಾಯಿ ಆರಿಸಲು 1 ಆಳು, ಊರಲು 2 ಆಳು ಅಂತ ಹಿಡಿಯೋಣ. ರಾಜ್ಯದ ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ನಿಗದಿಯಾದ ದಿನಗೂಲಿ ₹370ರಂತೆ ಒಟ್ಟು ₹1,110. ಮನೆಮಂದಿಯೇ ಕೈಹಚ್ಚಿದರೆ ಅದೂ ಉಳಿತಾಯ.

ಆಡು, ದನ ತಂಗಡಿಗೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಹಾಗಾಗಿ ಸಸಿ ಕಾಯಲು ಬೇರೆ ಬೇಲಿ ಬೇಡ. ಆದರೆ ತಂಗಡಿಗೆ ಮುಳ್ಳಿಲ್ಲ. ಹಂದಿ, ಚಿಗರಿಯ ಕಾಟವಿದ್ದಲ್ಲಿ ಇದೊಂದನ್ನೇ ನಂಬಬಾರದು.

ತೊಗಟೆಯ ಲೆಕ್ಕ

100 ಕಿಲೋ ತಂಗಡಿ ತೊಗಟೆಯಲ್ಲಿ ಸುಮಾರು 18 ಕಿಲೋ ಒಗರಿನ ಅಂಶ. ಇದರಿಂದಲೇ ತಲೆಮಾರುಗಳ ಕಾಲ ತೊಗಲು ಹದವಾಯಿತು. ದಕ್ಷಿಣ ಆಫ್ರಿಕಾದ ವಾಟಲ್ ತೊಗಟೆ ಬಂದ ಮೇಲೆ ಇದಕ್ಕಿದ್ದ ಬೇಡಿಕೆ ಕುಸಿಯಿತು, ಗಿಡ ಬರೀ ಪೊದೆ ಅನ್ನಿಸಿಕೊಂಡಿತು. ಈಗ ಒಡ್ಡು ಸವರುವಾಗ ಮೊದಲು ಕಡಿಯುವುದು ಇದನ್ನೇ.

ಕಾಯಿಗಾಗಿ ಹತ್ತಿರದ ಕಪ್ಪತಗುಡ್ಡಕ್ಕೆ ಕೈ ಹಾಕಬೇಡಿ. 2019ರಿಂದ ಅದು ವನ್ಯಜೀವಿಧಾಮ, 244 ಚದರ ಕಿ.ಮೀ. ನಿಮ್ಮ ಬದುವಿನಲ್ಲೇ ನಾಲ್ಕು ಗಿಡ ಕಡಿಯದೆ ಬಿಡಿ. ಗಿಡಕ್ಕೆ 50 ಕಾಯಿ ಸಿಕ್ಕರೂ ಒಂದೆಕರೆಯ ಬೇಲಿಗೆ ಬೀಜವಾಯಿತು.