ಓದು ಬಾರದ ಮಗುವೂ ವಿದ್ಯುತ್ತಿನ ನೆರವೂ

ನಮ್ಮ ಮನೆಯಿರುವುದು ಸವಳಂಗ ರಸ್ತೆಯಲ್ಲಿ. ಮನೆಯ ಮುಂದೆ ಹಾಯುವ ಬಸ್ಸಿನ ಫಲಕವನ್ನು ನನ್ನ ತಮ್ಮ ಒಮ್ಮೆ ‘ಸಳವಂಗ’ ಎಂದೂ ಮತ್ತೊಮ್ಮೆ ‘ಸವಂಗಳ’ ಎಂದೂ ಓದುತ್ತಾನೆ. ನಾಲ್ಕನೆಯ ತರಗತಿಯ ಹುಡುಗ. ಬಾಯಿಲೆಕ್ಕವನ್ನು ನನಗಿಂತ ಬೇಗ ಹೇಳಬಲ್ಲನಾದರೂ ಶಾಲೆಯಲ್ಲಿ ಅವನಿಗೆ ದೊರೆತ ಬಿರುದು ‘ದಡ್ಡ’. ಬೈಗುಳವೂ ಮನೆಪಾಠವೂ ಮುಗಿದ ಮೇಲೆ ಒಂದು ದಿನ ಸೋದರಮಾವ ಮೊಬೈಲಿನಲ್ಲಿ ಜಾಹೀರಾತೊಂದನ್ನು ತೋರಿಸಿ, “ತಲೆಗೆ ಈ ಪಟ್ಟಿ ಕಟ್ಟಿ ಕರೆಂಟು ಕೊಟ್ಟರೆ ಓದು ಬರುತ್ತದಂತೆ. ತರಿಸೋಣವೇನಕ್ಕ?” ಎಂದರು. ಅಮ್ಮ ನನ್ನ ಮುಖ ನೋಡಿದಳು. ಆ ನಿಮಿತ್ತ ಓದಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಈ ತೊಡಕಿಗೆ ಡಿಸ್ಲೆಕ್ಸಿಯಾ ಎಂದು ಹೆಸರಿಟ್ಟವನು ಜರ್ಮನಿಯ ನೇತ್ರವೈದ್ಯ ರುಡಾಲ್ಫ್ ಬರ್ಲಿನ್, 1887ರಲ್ಲಿ. ನೇತ್ರವೈದ್ಯನು ಹೆಸರಿಟ್ಟರೂ ಇದು ಕಣ್ಣಿನ ದೋಷವಲ್ಲ. ಬುದ್ಧಿಯ ಕೊರತೆಯಂತೂ ಅಲ್ಲವೇ ಅಲ್ಲ. ಅಕ್ಷರವನ್ನು ಅದರ ಧ್ವನಿಯೊಡನೆ ಕೂಡಿಸುವ ಕೆಲಸ ಕಷ್ಟವಾಗುತ್ತದೆ. ಆ ಕೆಲಸದಲ್ಲಿ ಮಿದುಳಿನ ಎಡಭಾಗದಲ್ಲಿ, ಕಿವಿಯ ಮೇಲೆ ತುಸು ಹಿಂದಕ್ಕಿರುವ ಪ್ರದೇಶಕ್ಕೆ ದೊಡ್ಡ ಪಾತ್ರವಿದೆ. ಡಿಸ್ಲೆಕ್ಸಿಯಾ ಉಳ್ಳವರು ಓದುವಾಗ ಅಲ್ಲಿನ ಚಟುವಟಿಕೆ ಕಡಿಮೆಯಾಗಿ ಕಂಡುಬರುತ್ತದೆ.

ಅಲ್ಲಿಗೇ ವಿದ್ಯುತ್ತನ್ನು ಹರಿಸಿದರೆ? ಉಪ್ಪುನೀರಿನಲ್ಲಿ ನೆನೆದ ಎರಡು ಸ್ಪಂಜುಗಳನ್ನು ತಲೆಯ ಮೇಲಿರಿಸಿ ಒಂದೆರಡು ಮಿಲಿಆಂಪಿಯರ್ ಪ್ರವಾಹವನ್ನು ಇಪ್ಪತ್ತು ನಿಮಿಷದವರೆಗೆ ಕೊಡುತ್ತಾರೆ. ಶಸ್ತ್ರಕ್ರಿಯೆಯಿಲ್ಲ, ಚರ್ಮ ಸ್ವಲ್ಪ ಚುರುಗುಟ್ಟಬಹುದು. ಇಷ್ಟು ಅಲ್ಪ ಪ್ರವಾಹವು ನರಕೋಶಗಳನ್ನು ತಾನೇ ಕೆಲಸಕ್ಕೆ ಹಚ್ಚುವುದಿಲ್ಲ, ಸಿದ್ಧವಾಗಿರಿಸುತ್ತದೆ ಅಷ್ಟೆ. ಮಳೆಗೆ ನೆಲ ಹದವಾದಂತೆ; ಬಿತ್ತದೆ ಪೈರು ಬಾರದು. 2016ರಲ್ಲಿ ಪ್ರಕಟವಾದ ರೋಮ್ ನಗರದ ವೈದ್ಯರ ಪ್ರಯೋಗದಲ್ಲಿ ಆರು ವಾರ, ವಾರಕ್ಕೆ ಮೂರು ಸಲ ಪ್ರವಾಹ ಕೊಟ್ಟರು. ಜೊತೆಗೇ ಓದಿನ ಅಭ್ಯಾಸವನ್ನೂ ಮಾಡಿಸಿದರು. ಅಪರೂಪದ ಪದಗಳನ್ನೂ ಅರ್ಥವಿಲ್ಲದ ಪದಗಳನ್ನೂ ಓದುವುದರಲ್ಲಿ ಸುಧಾರಣೆ ಕಂಡಿತು. ಆದರೆ ಮಕ್ಕಳ ಸಂಖ್ಯೆ ಬಹಳ ಚಿಕ್ಕದು. ಜಾಹೀರಾತಿನವರು ಅಭ್ಯಾಸದ ಮಾತನ್ನೇ ನುಂಗಿದ್ದರು!

ಇನ್ನೊಂದು ಮಾತು. ಇಟಲಿಯ ಮಗು ಕಲಿಯುವುದು 21 ಅಕ್ಷರ. ನಮ್ಮ ಮಗುವಿಗೆ ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳು. ಕನ್ನಡ ಮಕ್ಕಳ ಅಕ್ಷರಕಲಿಕೆ ನಾಲ್ಕನೆಯ ತರಗತಿಯವರೆಗೂ ಸಾಗುವುದನ್ನು ಬೆಂಗಳೂರಿನ ಸೊನಾಲಿ ನಾಗ್ ಅವರು 2007ರಲ್ಲಿಯೇ ತೋರಿಸಿದ್ದಾರೆ. ಆದುದರಿಂದ ತಡವೆಲ್ಲ ಡಿಸ್ಲೆಕ್ಸಿಯಾ ಅಲ್ಲ, ಪರೀಕ್ಷೆ ಮೊದಲಾಗಬೇಕು. ಅದಕ್ಕೆ ನಿಮ್ಹಾನ್ಸ್ ಸಂಸ್ಥೆಯೇ ಸಿದ್ಧಪಡಿಸಿದ ಪರೀಕ್ಷಾಕ್ರಮವಿದೆ. ಅಲ್ಲಿನ ವೈದ್ಯರು ಸ್ಕಿಜೋಫ್ರೇನಿಯಾ ರೋಗಿಗಳಿಗೆ ಕೇಳಿಸುವ ಇಲ್ಲದ ದನಿಗಳನ್ನು ತಗ್ಗಿಸಲು ಇದೇ ಪ್ರವಾಹವನ್ನು ಬಳಸಿಯೂ ಇದ್ದಾರೆ. ಆದರೆ ಅಳೆದು, ಕಾದು, ಎದುರಿಗೆ ಕುಳಿತು. ಮಕ್ಕಳ ತಲೆಬುರುಡೆ ತೆಳು, ಅಷ್ಟೇ ಪ್ರವಾಹ ಅವರ ಮಿದುಳಿಗೆ ಹೆಚ್ಚಾಗಿ ತಟ್ಟುತ್ತದೆ. ಅಂಚೆಯಲ್ಲಿ ಬಂದ ಪಟ್ಟಿಗೆ ಇದೆಲ್ಲ ಏನು ಗೊತ್ತು?

ಪಟ್ಟಿ ತರಿಸಲಿಲ್ಲ. ತಮ್ಮನಿಗೆ ಪರೀಕ್ಷೆಯಾಯಿತು, ಡಿಸ್ಲೆಕ್ಸಿಯಾ ಎಂದೇ ತೀರ್ಮಾನವಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಕಲಿಕೆಯ ಈ ನ್ಯೂನತೆಯೂ ಸೇರಿದೆಯೆಂದು ಅಪ್ಪ ಶಾಲೆಗೆ ಹೋಗಿ ತಿಳಿಸಿ ಬಂದರು. ಈಗ ಪ್ರತಿ ಸಂಜೆ ಇಪ್ಪತ್ತು ನಿಮಿಷ ನಾನೂ ಅವನೂ ಪದಗಳನ್ನು ಬಿಡಿಸಿ, ಚಪ್ಪಾಳೆ ತಟ್ಟಿ, ಮರಳಿ ಕೂಡಿಸುತ್ತೇವೆ. ಮಾವನಿಗೆ ಮಾತ್ರ ಇನ್ನೂ ಪೂರ್ಣ ಸಮಾಧಾನವಿಲ್ಲ. ಬಂದಾಗಲೆಲ್ಲ ತಮ್ಮನನ್ನು ಜಗುಲಿಗೆ ಕರೆದು ಬಸ್ಸಿನ ಫಲಕವನ್ನು ಓದಿಸಿ ನೋಡುತ್ತಾರೆ.