ಭಂಗಾರ್‌ವಾಲಾ ಬರುವ ಮೊದಲು ಮಾಳಾದ ಸಾಮಾನು ಒಮ್ಮೆ ಹಿರಿಯರ ಕೈಗೆ ಕೊಡಿ



ಚೆಂಬೂರಿನಲ್ಲಿ ಈಗ ಯಾವ ರಸ್ತೆಗೆ ಹೋದರೂ ಒಂದಾದರೂ ಹಳೆಯ ಕಟ್ಟಡದ ಸುತ್ತ ತಗಡಿನ ಬೇಲಿ ಕಾಣುತ್ತದೆ. ತಿಲಕ್ ನಗರದ ಮ್ಹಾಡಾ ಕಟ್ಟಡಗಳು ಒಂದೊಂದಾಗಿ ನೆಲಕ್ಕಿಳಿದು ಅಲ್ಲಿ ಟವರುಗಳು ಎದ್ದಿವೆ. ಬಾಡಿಗೆ ಎಷ್ಟು, ಕಾರ್ಪೆಟ್ ಏರಿಯಾ ಎಷ್ಟು ಎಂಬ ಲೆಕ್ಕವೆಲ್ಲ ಮುಗಿದ ಮೇಲೆ ಕೊನೆಯ ವಾರ ಉಳಿಯುವುದು ಮಾಳಾ ಖಾಲಿ ಮಾಡುವ ಕೆಲಸ. ಭಂಗಾರ್‌ವಾಲಾ ತಕ್ಕಡಿ ತಂದು ಬಾಗಿಲಲ್ಲಿ ಕೂರುತ್ತಾನೆ. ಹಿತ್ತಾಳೆ ಬೇರೆ, ಕಬ್ಬಿಣ ಬೇರೆ, ರದ್ದಿ ಬೇರೆ. ಅರ್ಧ ಗಂಟೆಯಲ್ಲಿ ನಲವತ್ತು ವರ್ಷದ ಸಂಸಾರ ಕಿಲೋ ಲೆಕ್ಕದಲ್ಲಿ ಮೆಟ್ಟಿಲು ಇಳಿದುಹೋಗುತ್ತದೆ.

ಆ ಹೊತ್ತಿನಲ್ಲಿ ನಿಮ್ಮ ಅಮ್ಮ ಅಥವಾ ಮಾವ ಎಲ್ಲಿದ್ದರು? "ನಿಮಗೆ ಧೂಳು ಆಗುವುದಿಲ್ಲ, ಒಳಗೆ ಕೂತುಕೊಳ್ಳಿ" ಎಂದು ನಾವೇ ಕಳಿಸಿರುತ್ತೇವೆ. ಹೊಸ ಜಾಗಕ್ಕೆ ಹೋದ ಮೇಲೆ ಅವರ ಮಾತು ಕಡಿಮೆಯಾಗುತ್ತದೆ, ನಿದ್ದೆ ಕೆಡುತ್ತದೆ, ಊಟ ರುಚಿಸುವುದಿಲ್ಲ. ವಯಸ್ಸಾಯಿತು ಎಂದುಕೊಂಡು ಸುಮ್ಮನಾಗುತ್ತೇವೆ. ಇದು ಎರಡು ವಾರಕ್ಕಿಂತ ಹೆಚ್ಚು ಮುಂದುವರಿದರೆ ಮೊದಲು ವೈದ್ಯರಿಗೆ ತೋರಿಸಿ. ಥೈರಾಯ್ಡ್, ಬಿ12 ಕೊರತೆ, ಖಿನ್ನತೆ ಇವೆಲ್ಲ ಹೀಗೆಯೇ ಕಾಣಿಸಿಕೊಳ್ಳುತ್ತವೆ. ಅದರ ಜೊತೆಗೆ ಮನೆಯಲ್ಲೇ ಮಾಡಬಹುದಾದ, ಖರ್ಚಿಲ್ಲದ ಒಂದು ಕೆಲಸದ ಬಗ್ಗೆ ಇವತ್ತು ಹೇಳುತ್ತೇನೆ.

ಭಂಗಾರಕ್ಕೆ ಹೋಗುವ ರಾಶಿಯಿಂದ ಹಿರಿಯರು ತಮಗೆ ಬೇಕಾದ ಎಂಟು ಹತ್ತು ವಸ್ತು ಆರಿಸಿಕೊಳ್ಳಲಿ. ಒಂದು ಹಲಗೆಯ ಮೇಲೋ, ಗಾಜು ಇರುವ ಆಳದ ಫ್ರೇಮಿನಲ್ಲೋ ಅವನ್ನು ತಮಗೆ ಸರಿಕಂಡಂತೆ ಜೋಡಿಸಲಿ. ಅಂಟಿಸಲಿ, ಹೊಲಿಯಲಿ, ದಾರದಲ್ಲಿ ಕಟ್ಟಲಿ. ಅಷ್ಟೇ.

"ಇದೂ ಒಂದು ಕಲೆಯಾ?" ಎಂದು ಕೇಳಬೇಡಿ. ನಮ್ಮ ಪಕ್ಕದ ಘಾಟ್ಕೋಪರ್‌ನಲ್ಲೇ ಹುಟ್ಟಿ ಬೆಳೆದ ಅತುಲ್ ದೋಡಿಯಾ ಗಾಜಿನ ಕಪಾಟುಗಳಲ್ಲಿ ಹಳೆಯ ಫೋಟೋ, ಉಪಕರಣ, ಕೃತಕ ಕೈಕಾಲುಗಳನ್ನಿಟ್ಟು ಮಾಡಿದ ಕಲಾಕೃತಿ ಹೊರದೇಶಗಳಲ್ಲೂ ಹೆಸರು ಮಾಡಿದೆ. ಚಂಡೀಗಢದ ರಾಕ್ ಗಾರ್ಡನ್ ಕಟ್ಟಿದ ನೇಕ್ ಚಂದ್ ಅವರ ಕಥೆ ನಮ್ಮಂಥ ವಲಸೆ ಬಂದವರಿಗೆ ಇನ್ನೂ ಹತ್ತಿರದ್ದು. ಅವರ ಹಳ್ಳಿ ದೇಶ ವಿಭಜನೆಯಲ್ಲಿ ಪಾಕಿಸ್ತಾನಕ್ಕೆ ಸೇರಿತು. ಊರು ಬಿಟ್ಟು ಬಂದು ಚಂಡೀಗಢದಲ್ಲಿ ಸರಕಾರಿ ರಸ್ತೆ ಇನ್‌ಸ್ಪೆಕ್ಟರ್ ಆದರು. ಹೊಸ ನಗರಕ್ಕಾಗಿ ಸುತ್ತಲಿನ ಹಳ್ಳಿಗಳನ್ನು ಕೆಡವುತ್ತಿದ್ದ ಕಾಲ ಅದು. ಅಲ್ಲಿ ಬಿದ್ದ ಒಡೆದ ಬಳೆ, ಪಿಂಗಾಣಿ ಚೂರುಗಳನ್ನೆಲ್ಲ ಕೆಲಸ ಮುಗಿದ ಮೇಲೆ ಸೈಕಲ್ಲಿನಲ್ಲಿ ಹೊತ್ತು ತಂದು, ಕಾಡಿನ ಮರೆಯಲ್ಲಿ ಬೊಂಬೆಗಳನ್ನು ಮಾಡುತ್ತಾ ಹೋದರು. ಹಲವು ವರ್ಷ ಯಾರಿಗೂ ಗೊತ್ತಿರಲಿಲ್ಲ. 1976ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು, 1984ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಳೆದುಹೋದ ಊರನ್ನು ಬೇರೆಯವರ ಒಡೆದ ಮನೆಗಳ ಚೂರಿನಿಂದ ಮತ್ತೆ ಕಟ್ಟಿದ ಮನುಷ್ಯ.

ಅಷ್ಟು ದೂರ ಹೋಗುವುದೂ ಬೇಡ. ಧಾರವಾಡ, ಬಾಗಲಕೋಟೆ, ವಿಜಯಪುರ ಕಡೆಯಿಂದ ಬಂದವರ ಮನೆಯಲ್ಲಿ ಕೌದಿ ಇದ್ದೇ ಇರುತ್ತದೆ. ನೆರೆಯ ಮರಾಠಿ ಮನೆಯವರು ಅದನ್ನೇ ಗೋಧಡಿ ಎನ್ನುತ್ತಾರೆ. ಹಳೆಯ ಸೀರೆ, ಧೋತರ, ಮಗುವಿನ ಅಂಗಿ ಎಲ್ಲ ಒಂದರ ಮೇಲೊಂದು ಹಾಸಿ ಸಣ್ಣ ಸಣ್ಣ ಹೊಲಿಗೆ ಹಾಕುತ್ತಾ ಹೋಗುವುದು. ಉತ್ತರ ಕನ್ನಡದ ಸಿದ್ದಿ ಹೆಂಗಸರು ತಮ್ಮ ಕೌದಿಯ ಮೂಲೆಗಳಿಗೆ ಮಡಚಿದ ಬಟ್ಟೆಯ ಹೂ ಇಟ್ಟ ಮೇಲೇ ಕೆಲಸ ಮುಗಿಯಿತು ಎನ್ನುವುದು. ಮನೆಯಲ್ಲಿ ಹಳೆಯ ಕೌದಿ ಇದ್ದರೆ ಇವತ್ತೇ ಅಜ್ಜಿಯ ಮುಂದೆ ಹರಡಿ. ಇದು ಯಾರ ಮದುವೆಯ ಸೀರೆ, ಇದು ಯಾರ ಬಾಣಂತನದ್ದು ಎಂದು ಬೆರಳಿಟ್ಟು ಹೇಳುತ್ತಾರೆ. ಫೋಟೋ ಆಲ್ಬಮ್ ತೋರಿಸಿದಾಗಲೂ ಇಷ್ಟು ಮಾತು ಬರುವುದಿಲ್ಲ.

ಯಾಕೆ ಹೀಗೆ? ವಸ್ತು ಕೈಗೆ ಸಿಕ್ಕಿದಾಗ ಅದರ ಭಾರ, ತಣುಪು, ವಾಸನೆ ಎಲ್ಲ ಒಟ್ಟಿಗೆ ಮೆದುಳಿಗೆ ಮುಟ್ಟುತ್ತದೆ. ವಾಸನೆ ಗ್ರಹಿಸುವ ಭಾಗಕ್ಕೂ ಭಾವನೆ, ನೆನಪುಗಳ ಭಾಗಗಳಿಗೂ ಮೆದುಳಿನಲ್ಲಿ ಬಹಳ ನೇರವಾದ ಸಂಪರ್ಕವಿದೆ. ಹತ್ತರಿಂದ ಮೂವತ್ತರ ವಯಸ್ಸಿನ ನಡುವಿನ ನೆನಪುಗಳು ಮುಪ್ಪಿನಲ್ಲಿ ಹೆಚ್ಚು ಬಲವಾಗಿ ಮರಳುತ್ತವೆ. ನಮ್ಮ ಹಿರಿಯರಲ್ಲಿ ಅನೇಕರಿಗೆ ಅದೇ ವಯಸ್ಸು ಊರು ಬಿಟ್ಟು ಮುಂಬಯಿಗೆ ಬಂದದ್ದು, ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತದ್ದು, ಹತ್ತು ಬೈ ಹತ್ತರ ಕೋಣೆಯಲ್ಲಿ ಸಂಸಾರ ಹೂಡಿದ್ದು. ಹೋಟೆಲಿನ ಹಿತ್ತಾಳೆ ಬಿಲ್ಲೆ, ಸೀಮೆಎಣ್ಣೆ ಸ್ಟವ್‌ನ ಪಿನ್ನು, ಊರಿಗೆ ಕಳಿಸಿದ ಮನಿ ಆರ್ಡರಿನ ರಸೀದಿ, ಅಕ್ಕಿ ಅಳೆಯುತ್ತಿದ್ದ ಪಾವು, ಕೊಂಕಣ ರೈಲು ಇಲ್ಲದ ಕಾಲದ ಬಸ್ ಟಿಕೇಟು. ನಿಮಗೆ ಇವು ಕಸ. ಅವರಿಗೆ ಒಂದೊಂದೂ ಒಂದು ಬಾಗಿಲು.

ಮುಪ್ಪಿನಲ್ಲಿ ಹಿಂದಿನದನ್ನು ಮೆಲುಕು ಹಾಕುವುದು ಅರಳುಮರುಳಲ್ಲ, ಬದುಕಿನ ಲೆಕ್ಕ ನೋಡಿಕೊಳ್ಳುವ ಸಹಜ ಕೆಲಸ ಎಂದು ಅಮೆರಿಕದ ವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದರು. ಅಲ್ಲಿನ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 2016ರಲ್ಲಿ 39 ಜನರಿಗೆ 45 ನಿಮಿಷ ಕೊಲಾಜ್, ಜೇಡಿಮಣ್ಣು, ಬಣ್ಣದ ಪೆನ್ನು ಕೊಟ್ಟು ನೋಡಿದರು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸೋಲ್ ಇಳಿಯಿತು. ಅವರ‍್ಯಾರೂ 60 ದಾಟಿದವರಲ್ಲ, ಅದನ್ನೂ ಹೇಳಬೇಕು. ಮರೆವಿನ ಕಾಯಿಲೆ ಇರುವವರಿಗೆ ಹಳೆಯ ವಸ್ತು ತೋರಿಸಿ ಮಾತನಾಡಿಸುವ ವಿಧಾನದ ಬಗ್ಗೆ 22 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ವರದಿ 2018ರಲ್ಲಿ ಬಂತು. ಲಾಭ ಇದೆ, ಆದರೆ ಸಣ್ಣದು, ಎಲ್ಲರಲ್ಲೂ ಒಂದೇ ರೀತಿ ಇಲ್ಲ ಎಂಬುದು ಅದರ ಸಾರ. ಆದ್ದರಿಂದ "ಇದರಿಂದ ಡಿಮೆನ್ಷಿಯಾ ವಾಸಿ" ಎಂದು ಯಾರಾದರೂ ಫಾರ್ವರ್ಡ್ ಕಳಿಸಿದರೆ ನಂಬಬೇಡಿ. ವಾಸಿ ಮಾಡುವುದಿಲ್ಲ. ಒಂದು ಮಧ್ಯಾಹ್ನವನ್ನು ಚೆನ್ನಾಗಿ ಕಳೆಯಲು, ಮುಚ್ಚಿದ ಬಾಯಿ ತೆರೆಯಲು ನೆರವಾದರೆ ಅದೇ ದೊಡ್ಡದು.

ಮಾಡುವಾಗ ಕೆಲವು ಮಾತು ನೆನಪಿಡಿ. ಆಯ್ಕೆ ಅವರದ್ದು. ತುಕ್ಕು ಹಿಡಿದ ಬೀಗ ಬೇಕೆಂದರೆ ಬೀಗವೇ ಇರಲಿ. ಯೂಟ್ಯೂಬ್ ನೋಡಿಕೊಂಡು ಎಲ್ಲದಕ್ಕೂ ಬಂಗಾರದ ಸ್ಪ್ರೇ ಹೊಡೆಯುವ ಹುಚ್ಚು ಈಗ ಬಂದಿದೆ. ದಯವಿಟ್ಟು ಬೇಡ, ಪಾವಿನ ತಳದ ಕಪ್ಪು ಕಲೆಯಲ್ಲೇ ಅದರ ಕಥೆ ಇರುವುದು. "ಇದು ಯಾವ ವರ್ಷದ್ದು? ನೆನಪಿದೆಯಾ?" ಎಂದು ಪರೀಕ್ಷೆ ಮಾಡಬೇಡಿ. ನೆನಪಾಗದಿದ್ದರೆ ಅವರಿಗೆ ಅವಮಾನವಾಗುತ್ತದೆ. "ಅಜ್ಜಿ, ಇದನ್ನು ಹೇಗೆ ಹಿಡಿಯುತ್ತಿದ್ದಿರಿ, ತೋರಿಸಿ" ಎನ್ನಿ. ಹೆಸರು, ತಾರೀಖು ಮರೆತವರಿಗೂ ಕೈಯ ಕೆಲಸ ಬಹಳ ದಿನ ಉಳಿದಿರುತ್ತದೆ. ಮಾತು ಅವರ ಮನೆಮಾತಿನಲ್ಲೇ ನಡೆಯಲಿ, ಕನ್ನಡವೋ ತುಳುವೋ ಕೊಂಕಣಿಯೋ. ಮರೆವು ಬಂದವರಲ್ಲಿ ಎಷ್ಟೋ ಸಲ ಆಮೇಲೆ ಕಲಿತ ಹಿಂದಿ, ಮರಾಠಿ ಹಿಂದೆ ಸರಿದು ಮೊದಲ ಭಾಷೆಯೇ ಉಳಿಯುತ್ತದೆ. ಇಂಗ್ಲಿಷ್ ಶಾಲೆಯ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿ, ಫೆವಿಕಾಲ್ ಹಚ್ಚುವ ಕೆಲಸ ಅವನಿಗೆ ಕೊಡಿ.

ಎಲ್ಲ ನೆನಪೂ ಸಿಹಿಯಲ್ಲ. ಹೋದ ಮಗುವಿನ ಅಂಗಿ, ಮುಚ್ಚಿಹೋದ ಮಿಲ್ಲಿನ ಪಾಸು, ಆಸ್ತಿ ಜಗಳದ ಪತ್ರ ಹೊರಬರಬಹುದು. ಅತ್ತರೆ ಗಾಬರಿಯಾಗಬೇಡಿ, ಮಾತು ಬದಲಾಯಿಸಲು ಅವಸರ ಮಾಡಬೇಡಿ, ಪಕ್ಕದಲ್ಲಿ ಕುಳಿತಿರಿ. ಅವರು ಬೇಡ ಎಂದರೆ ಅಲ್ಲಿಗೇ ನಿಲ್ಲಿಸಿ. ದುಃಖ ದಿನಗಟ್ಟಲೆ ಇಳಿಯದಿದ್ದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಹಣ ಕೊಡಬೇಕಿಲ್ಲ, ಕನ್ನಡದಲ್ಲೂ ಮಾತನಾಡುತ್ತಾರೆ.

ತುಕ್ಕು ಹಿಡಿದ ಮೊಳೆ, ಒಡೆದ ಗಾಜು, ಪಾದರಸದ ಥರ್ಮಾಮೀಟರ್, ಸೋರುವ ಬ್ಯಾಟರಿ ರಾಶಿಯಿಂದ ಮೊದಲೇ ತೆಗೆದುಬಿಡಿ. ಗುಂಡಿ, ಬಟನ್ ಸೆಲ್ ಚಿಕ್ಕ ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಕೈಗೆ ತುಕ್ಕು ಕಬ್ಬಿಣ ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆದು, ಟಿಟಿ ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಿ. ಇನ್ನೊಂದು ವಿಷಯ: ಹಳೆಯ ರೇಷನ್ ಕಾರ್ಡ್, ಲೈಟ್ ಬಿಲ್, ಸೊಸೈಟಿ ರಸೀದಿಗಳನ್ನು ಯಾವ ಕಾರಣಕ್ಕೂ ಅಂಟಿಸಬೇಡಿ. ಮನೆಯ ಹಕ್ಕಿನ ದಾಖಲೆಗೆ ಬೇಕಾಗುತ್ತವೆ. ಜೆರಾಕ್ಸ್ ಅಂಟಿಸಿ.

ಮುಗಿದ ಮೇಲೆ ಅದನ್ನು ಶೋಕೇಸಿನ ಒಳಗೆ ತಳ್ಳಬೇಡಿ. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಎಷ್ಟೋ ಆರೈಕೆ ಮನೆಗಳಲ್ಲಿ ಇಂಥ ಪೆಟ್ಟಿಗೆಯನ್ನು ಕೋಣೆಯ ಬಾಗಿಲ ಪಕ್ಕದಲ್ಲೇ ತೂಗುಹಾಕುತ್ತಾರೆ. ನಂಬರು ಓದಲಾಗದವರೂ ತಮ್ಮ ವಸ್ತು ಕಂಡು ತಮ್ಮ ಕೋಣೆ ಗುರುತಿಸಲಿ ಎಂದು. ಹೊಸ ಟವರಿನಲ್ಲಿ ಎಲ್ಲ ಮಹಡಿಯೂ ಒಂದೇ ಥರ, ಎಲ್ಲ ಬಾಗಿಲೂ ಒಂದೇ ಬಣ್ಣ. ಸಂಜೆ ವಾಕಿಂಗ್ ಮುಗಿಸಿ ಲಿಫ್ಟಿನಿಂದ ಇಳಿದ ಅಜ್ಜ ಪಕ್ಕದ ಮನೆಯ ಬೆಲ್ ಒತ್ತಿ ಮುಜುಗರಪಡುವುದು ನೀವೂ ಕಂಡಿರಬಹುದು. ಸೊಸೈಟಿಯವರನ್ನು ಕೇಳಿ, ಹೊರಬಾಗಿಲ ಪಕ್ಕ, ಅವರ ಕಣ್ಣಿನ ಎತ್ತರಕ್ಕೆ, ಸ್ಕ್ರೂ ಹಾಕಿ ಗಟ್ಟಿಯಾಗಿ ಕೂರಿಸಿ. ವಾಚ್‌ಮನ್‌ಗೂ ಲಿಫ್ಟ್‌ಮನ್‌ಗೂ ಒಮ್ಮೆ ತೋರಿಸಿಡಿ.